ಸಾವಯವ: ಯಾವುದಕ್ಕೆ ಹೆಚ್ಚು ಹಣ ಕೊಡಬೇಕು, ಯಾವುದಕ್ಕೆ ಬೇಡ

ಸಾವಯವ ಆಹಾರ ನಿಜಕ್ಕೂ ಮೇಲೇ ಎಂಬ ಪ್ರಶ್ನೆಯನ್ನು ಎರಡಾಗಿ ಒಡೆದು ಕೇಳಬೇಕು. ಪೋಷಕಾಂಶ ಹೆಚ್ಚೇ? ಅದಕ್ಕಾಗಿ ಒಂದೂವರೆ ಪಟ್ಟು ಬೆಲೆ ಕೊಡುವಷ್ಟು ವ್ಯತ್ಯಾಸವಿಲ್ಲ. ಕೀಟನಾಶಕದ ಉಳಿಕೆ ಕಡಿಮೆಯೇ? ಹೌದು, ಸ್ಪಷ್ಟವಾಗಿ ಕಡಿಮೆ. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ವಿಟಮಿನ್‌ಗಳಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆದರೆ ಉಳಿಕೆ ಪತ್ತೆಯಾದದ್ದು ಸಾವಯವ ಮಾದರಿಗಳಲ್ಲಿ ಶೇ 7ರಲ್ಲಿ, ಸಾಮಾನ್ಯ ಬೆಳೆಯಲ್ಲಿ ಶೇ 38ರಲ್ಲಿ. 2014ರಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 343 ಪ್ರಬಂಧಗಳನ್ನು ಜಾಲಾಡಿ, ಸಾವಯವ ಬೆಳೆಯಲ್ಲಿ ಆಂಟಿಆಕ್ಸಿಡೆಂಟ್‌ಗಳು ಹೆಚ್ಚು, ಕ್ಯಾಡ್ಮಿಯಂ ಎಂಬ ವಿಷಲೋಹ ಹೆಚ್ಚುಕಡಿಮೆ ಅರ್ಧ ಎಂದರು. ಉಳಿಕೆ ಪತ್ತೆಯಾಗುವುದು ಬೇರೆ, ಕಾನೂನಿನ ಮಿತಿ ಮೀರುವುದು ಬೇರೆ ಎಂಬುದನ್ನೂ ಇಲ್ಲಿ ಸೇರಿಸಬೇಕು. ಪತ್ತೆಯಾದದ್ದರಲ್ಲಿ ಬಹುಪಾಲು ಮಿತಿಯೊಳಗೇ ಇರುತ್ತದೆ.

ಹಾಗಾದರೆ ಮಾಡಬೇಕಾದ ಕೆಲಸ ಇಷ್ಟು: ಉಳಿಕೆ ಎಲ್ಲಿ ಸೇರಿಕೊಳ್ಳುತ್ತದೆ ಎಂದು ತಿಳಿದು, ಅಲ್ಲಿ ಮಾತ್ರ ಸಾವಯವಕ್ಕೆ ದುಡ್ಡು ಹಾಕುವುದು.

ದುಡ್ಡು ಹಾಕಬೇಕಾದ ಕಡೆ

ರೈತರ ಮಾತಿನಲ್ಲಿ ಕೀಟನಾಶಕ ಎಂದರೆ ‘ಔಷಧಿ’. ಉತ್ತರ ಕರ್ನಾಟಕದ ಹಲವು ಕಡೆ ‘ಎಣ್ಣಿ’. ಔಷಧಿ ಹೊಡೆದ ಮೇಲೆ ಕೊಯ್ಲಿಗೆ ಇಂತಿಷ್ಟು ದಿನ ಕಾಯಬೇಕೆಂದು ಡಬ್ಬಿಯ ಮೇಲೇ ಬರೆದಿರುತ್ತದೆ. ತರಕಾರಿಯಲ್ಲಿ ಬಳಸುವ ಹಲವು ಔಷಧಿಗಳಿಗೆ ಅದು 3ರಿಂದ 7 ದಿನ, ಕೆಲವಕ್ಕೆ ಇನ್ನೂ ಹೆಚ್ಚು. ಆದರೆ ಬೆಂಡೆಯನ್ನು ಎರಡು ದಿನಕ್ಕೊಮ್ಮೆ ಕೀಳಲೇಬೇಕು, ಬಿಟ್ಟರೆ ನಾರಾಗುತ್ತದೆ, ಮಂಡಿಯಲ್ಲಿ ಯಾರೂ ಮೂಸುವುದಿಲ್ಲ. ಬದನೆ, ಹಸಿಮೆಣಸಿನಕಾಯಿ, ಟೊಮೆಟೊ, ದೊಣ್ಣೆಮೆಣಸು, ಹಾಗಲ, ಬೀನ್ಸ್ ಎಲ್ಲವೂ ಹೀಗೆ ವಾರಗಟ್ಟಲೆ ಬಿಡಿಸುತ್ತಲೇ ಇರುವ ಬೆಳೆಗಳು. ಕಾಯಿ ಕೊರೆಯುವ ಹುಳು ಬಿದ್ದಾಗ ಕಾಯುವ ದಿನ ಪಾಲಿಸಿದರೆ ಒಂದೆರಡು ಕೊಯ್ಲನ್ನೇ ಕಳೆದುಕೊಳ್ಳಬೇಕು. ಸಾಲ ತಲೆಮೇಲಿರುವ ರೈತ ಕಾಯಲಾರ. ಉಳಿಕೆಯ ಮೂಲ ಇಲ್ಲಿದೆ. ಸಾವಯವಕ್ಕೆ ಕೊಡುವ ಹಣ ಈ ಗುಂಪಿನ ತರಕಾರಿಯಲ್ಲಿ ಸಾರ್ಥಕ.

ಕರಿಬೇವು, ಕೊತ್ತಂಬರಿ, ಪುದೀನ, ಸೊಪ್ಪುಗಳದು ಇನ್ನೊಂದು ಕಾರಣ. ತೂಕ ಕಡಿಮೆ, ಎಲೆಯ ಮೈ ಹೆಚ್ಚು. ಸಿಂಪಡಿಸಿದ್ದೆಲ್ಲ ತಿನ್ನುವ ಭಾಗದ ಮೇಲೇ ಕೂರುತ್ತದೆ. ಕರಿಬೇವು ವಿದೇಶಗಳ ತಪಾಸಣೆಯಲ್ಲೂ ಉಳಿಕೆಯ ಕಾರಣಕ್ಕೆ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಹೂಕೋಸಿನ ಹೂವಿನ ಸಂದಿಗೆ ನೀರು ಸರಿಯಾಗಿ ಇಳಿಯುವುದಿಲ್ಲ. ದ್ರಾಕ್ಷಿಯನ್ನು ಸಿಪ್ಪೆ ಸಮೇತ, ಬೇಯಿಸದೆ, ಮಕ್ಕಳು ಗೊಂಚಲುಗಟ್ಟಲೆ ತಿನ್ನುತ್ತಾರೆ. ಬೂಜುರೋಗಕ್ಕೆ ಅಂಜಿ ಅದಕ್ಕೆ ಹೊಡೆಯುವಷ್ಟು ಶಿಲೀಂಧ್ರನಾಶಕವನ್ನು ಹೆಚ್ಚು ಬೆಳೆಗಳು ಕಾಣುವುದಿಲ್ಲ. ಬಸುರಿಯರು, ಪುಟ್ಟ ಮಕ್ಕಳು ಇರುವ ಮನೆಯಲ್ಲಿ ಈ ಪಟ್ಟಿಯೇ ಮೊದಲು. ಮಗುವಿನ ತೂಕ ಕಡಿಮೆ, ಆ ತೂಕಕ್ಕೆ ಹೋಲಿಸಿದರೆ ತಿನ್ನುವ ಪ್ರಮಾಣ ಹೆಚ್ಚು.

ದುಡ್ಡು ಉಳಿಸಬಹುದಾದ ಕಡೆ

ರಾಗಿ, ನವಣೆ, ಸಾಮೆ, ಹಾರಕ, ಹುರುಳಿ ಬಹುತೇಕ ಮಳೆಯಾಶ್ರಿತ ಬೆಳೆಗಳು. ಇವಕ್ಕೆ ಔಷಧಿ ಹೊಡೆಯುವವರು ಅಪರೂಪ. ಉಳಿಕೆಯ ಭಯದಿಂದ ರಾಗಿಗೆ ದುಪ್ಪಟ್ಟು ಬೆಲೆ ಕೊಡಬೇಕಿಲ್ಲ. ರೈತನಿಗೆ ಒಳ್ಳೆಯ ಬೆಲೆ ಸಿಗಲಿ ಎಂದು ಕೊಡುವುದಾದರೆ ಸಂತೋಷದಿಂದ ಕೊಡಿ. ಹಲಸು, ತೆಂಗಿನಕಾಯಿ, ಕುಂಬಳ, ಸುವರ್ಣಗೆಡ್ಡೆ, ಬಾಳೆ, ಈರುಳ್ಳಿಗಳಲ್ಲಿ ತಿನ್ನುವ ಭಾಗ ಸಿಪ್ಪೆಯ ಒಳಗೆ ಅಥವಾ ಮಣ್ಣಿನ ಒಳಗೆ ಇರುತ್ತದೆ. ದಾಳಿಂಬೆಗೆ ಔಷಧಿ ವಿಪರೀತ, ಆದರೆ ಸಿಪ್ಪೆ ದಪ್ಪ. ಏಲಕ್ಕಿಗೂ ವಿಪರೀತ, ಆದರೆ ಪಾಯಸಕ್ಕೆ ಎರಡು ಕಾಳು ಹಾಕುವ ಮನೆಯಲ್ಲಿ ಅದಕ್ಕಿಂತ ನಿತ್ಯ ತಿನ್ನುವ ಬೆಂಡೆ ಮುಖ್ಯ.

ಸಾವಯವ ಬೆಲ್ಲವೂ ಸಕ್ಕರೆಯೇ. ಬೆಲ್ಲದಲ್ಲಿ ನೋಡಬೇಕಾದದ್ದು ಬಣ್ಣ. ಹೊಳೆಯುವ ಹಳದಿ ಅಚ್ಚಿನ ಹಿಂದೆ ಬಿಳಿಚಿಸುವ ಹೈಡ್ರೋಸ್ ಇರುವ ಸಂಭವ ಹೆಚ್ಚು. ಕಪ್ಪಗಿದ್ದ ಮಾತ್ರಕ್ಕೆ ಅದು ಸಾವಯವವೂ ಅಲ್ಲ.

ಮಾವಿನಲ್ಲಿ ಬೆಳೆದ ಬಗೆಗಿಂತ ಹಣ್ಣು ಮಾಡಿದ ಬಗೆ ಕೇಳಿ. ಕ್ಯಾಲ್ಸಿಯಂ ಕಾರ್ಬೈಡ್ ಬಳಕೆ ನಿಷಿದ್ಧ, ಎಥಿಲೀನ್ ಅನಿಲಕ್ಕೆ ಅನುಮತಿ ಇದೆ. ಬಲಿತ ಕಾಯಿ ತಂದು ಮನೆಯಲ್ಲೇ ಹುಲ್ಲಿನಲ್ಲಿ ಅಡೆ ಹಾಕುವುದು ಎಲ್ಲಕ್ಕಿಂತ ನಿಶ್ಚಿಂತೆ.

ಒಂದು ಲೆಕ್ಕ ಮರೆಯಬಾರದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಎಂದಿದೆ. ನಾಲ್ವರ ಮನೆಗೆ ದಿನಕ್ಕೆ 1.6 ಕೆಜಿ ತರಕಾರಿ. ಎಲ್ಲವನ್ನೂ ಸಾವಯವವೇ ತರುತ್ತೇವೆಂದು ಹೊರಟು ಬೆಲೆ ಕಂಡು 800 ಗ್ರಾಮಿಗೆ ಇಳಿಸಿದರೆ ನಷ್ಟವೇ. ಮೊದಲು ಪ್ರಮಾಣ ತುಂಬಿಸಿ, ಮಿಕ್ಕ ಹಣದಲ್ಲಿ ಮೇಲಿನ ಮೊದಲ ಪಟ್ಟಿಯನ್ನು ಒಂದೊಂದಾಗಿ ಸಾವಯವಕ್ಕೆ ಬದಲಿಸಿ.

ಪೊಟ್ಟಣ ಓದುವುದು

ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ಸಾವಯವ ನಿಯಮದ ಪ್ರಕಾರ, ಸಾವಯವ ಎಂದು ಮಾರಲು ಎರಡು ದೃಢೀಕರಣಗಳಲ್ಲಿ ಒಂದಿರಬೇಕು. ಒಂದು, ಎನ್‌ಪಿಒಪಿ: ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡುವಂಥದ್ದು, ಪೊಟ್ಟಣದ ಮೇಲೆ ‘ಇಂಡಿಯಾ ಆರ್ಗ್ಯಾನಿಕ್’ ಮುದ್ರೆ. ಇನ್ನೊಂದು, ಪಿಜಿಎಸ್-ಇಂಡಿಯಾ: ಒಂದೇ ಊರಿನ ಅಥವಾ ಅಕ್ಕಪಕ್ಕದ ಕನಿಷ್ಠ ಐದು ರೈತರು ಗುಂಪಾಗಿ ಒಬ್ಬರ ಹೊಲವನ್ನೊಬ್ಬರು ಪರಿಶೀಲಿಸುವಂಥದ್ದು. ಇವುಗಳ ಜತೆಗೆ 14 ಅಂಕಿಯ ಪರವಾನಗಿ ಸಂಖ್ಯೆ ನೋಡಿ. ‘ಪಿಜಿಎಸ್-ಗ್ರೀನ್’ ಎಂದಿದ್ದರೆ ಹೊಲ ಇನ್ನೂ ಬದಲಾಗುತ್ತಿದೆ ಎಂದರ್ಥ. ಪೂರ್ಣ ಸಾವಯವ ಎನಿಸಿಕೊಳ್ಳಲು ವಾರ್ಷಿಕ ಬೆಳೆಗೆ ಸುಮಾರು 2 ವರ್ಷ, ಬಹುವಾರ್ಷಿಕ ಬೆಳೆಗೆ 3 ವರ್ಷ ಹಿಡಿಯುತ್ತದೆ.

‘ನ್ಯಾಚುರಲ್’, ‘ಫಾರ್ಮ್ ಫ್ರೆಶ್’, ‘ಕೆಮಿಕಲ್ ಫ್ರೀ’ ಇವು ದೃಢೀಕರಣಗಳಲ್ಲ. ನಮ್ಮಲ್ಲಿ ಇನ್ನೊಂದು ಗೊಂದಲವಿದೆ: ಜವಾರಿ, ನಾಟಿ ಎಂಬುದು ತಳಿಯ ಮಾತು, ಬೆಳೆದ ಕ್ರಮದ ಮಾತಲ್ಲ. ಜವಾರಿ ಬದನೆಗೂ ‘ಸರ್ಕಾರಿ ಗೊಬ್ಬರ’, ಅಂದರೆ ರಾಸಾಯನಿಕ ಗೊಬ್ಬರ, ಹಾಕಿ ಔಷಧಿ ಹೊಡೆಯುತ್ತಾರೆ. ಹುಳು ತಿಂದ ತೂತೂ ಪುರಾವೆಯಲ್ಲ, ಔಷಧಿಗೆ ಜಗ್ಗದ ಹುಳುಗಳು ಬೇಕಾದಷ್ಟಿವೆ.

ಬಿಡಿಯಾಗಿ ಮಾರುವ ಅಂಗಡಿಯಲ್ಲಿ ದೃಢೀಕರಣ ಪತ್ರ ಕೇಳಿ. ಅದರಲ್ಲಿ ಬೆಳೆಗಳ ಪಟ್ಟಿ, ಯಾವ ದಿನಾಂಕದವರೆಗೆ ಮಾನ್ಯ ಎಂಬುದು ಇರುತ್ತದೆ. ರಾಗಿ, ತೊಗರಿಗೆ ಪಡೆದ ಪತ್ರ ಗೋಡೆಗೆ ತೂಗುಹಾಕಿ ದೊಣ್ಣೆಮೆಣಸು ಮಾರುವುದು ಸಾಮಾನ್ಯ ಮೋಸ.

ಕೈಯಲ್ಲಿ ಹಿಡಿದು ತರಕಾರಿಗೆ ಚುಚ್ಚುವ ಮೀಟರ್‌ಗಳಿಗೆ ದುಡ್ಡು ಸುರಿಯಬೇಡಿ. ಅವು ರಸದ ವಿದ್ಯುತ್ ವಾಹಕತೆ ಅಳೆದು ನೈಟ್ರೇಟ್ ಅಂದಾಜಿಸುತ್ತವೆ, ಕೀಟನಾಶಕ ಅವಕ್ಕೆ ಕಾಣುವುದೇ ಇಲ್ಲ. ಅದನ್ನು ಅಳೆಯಲು ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯವೇ ಬೇಕು, ಖರ್ಚು ಸಾವಿರಗಳಲ್ಲಿ. ಅಪಾರ್ಟ್‌ಮೆಂಟಿನ ಹತ್ತಿಪ್ಪತ್ತು ಮನೆಗಳು ಒಬ್ಬರೇ ರೈತರಿಂದ ಕೊಳ್ಳುವುದಾದರೆ ವರ್ಷಕ್ಕೊಮ್ಮೆ ಸೇರಿ ಮಾಡಿಸಬಹುದು.

ರೈತರನ್ನೇ ಕೇಳುವುದು

ವರ್ಷಕ್ಕೆ 12 ಲಕ್ಷ ರೂಪಾಯಿಗಿಂತ ಹೆಚ್ಚು ವಹಿವಾಟಿಲ್ಲದ ಬೆಳೆಗಾರರು ನೇರವಾಗಿ ಗ್ರಾಹಕರಿಗೆ ಮಾರಿದರೆ ದೃಢೀಕರಣ ಬೇಕಿಲ್ಲ. ಆದ್ದರಿಂದ ಸಂತೆಯ ರೈತರ ಬಳಿ ಮುದ್ರೆ ಇಲ್ಲದಿರುವುದು ತಪ್ಪಲ್ಲ. ಅವರನ್ನು ‘ಸಾವಯವಾನಾ?’ ಎಂದು ಕೇಳಿದರೆ ‘ಹೌದು’ ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಹೀಗೆ ಕೇಳಿ: ಬದನೆಗೆ ಕಾಯಿಕೊರಕ ಬಂದಾಗ ಏನು ಮಾಡಿದಿರಿ? ಬೇವಿನ ಕಷಾಯ, ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ, ಹುಳು ಬಿದ್ದ ಕುಡಿ ಚಿವುಟಿ ಹಾಕುವುದು, ಅರ್ಧ ಕಾಯಿ ದನಕ್ಕೆ ಹಾಕಿದ್ದು ಎಂಬಂಥ ಮಾತು ಬಂದರೆ ನಂಬಬಹುದು. ‘ನಮ್ಮಲ್ಲಿ ಹುಳವೇ ಬರಲ್ಲ’ ಎಂದರೆ ಅನುಮಾನಿಸಿ. ಬೇಸಿಗೆ ನಡುವೆ ಒಂದು ಹುಳುವಿಲ್ಲದ ಹೂಕೋಸು ಎಲ್ಲಿಂದ ಬಂತು? ದನ ಎಷ್ಟಿವೆ, ಗೊಬ್ಬರ ಎಲ್ಲಿಂದ, ಪಕ್ಕದ ಹೊಲದವರು ಏನು ಹೊಡೆಯುತ್ತಾರೆ, ನಡುವೆ ಬೇಲಿ ಅಥವಾ ಮರಸಾಲು ಇದೆಯೇ, ನೀರು ಎಲ್ಲಿಯದು?

ನೀರಿನ ಪ್ರಶ್ನೆ ಬೆಂಗಳೂರಿನ ಸುತ್ತ ಎಲ್ಲಕ್ಕಿಂತ ಮುಖ್ಯ. ವೃಷಭಾವತಿಯಂಥ ಕೊಳಚೆ ಹೊಳೆಯ ನೀರಿನಲ್ಲಿ ಬೆಳೆದ ಸೊಪ್ಪಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಸೇರುತ್ತವೆ. ಔಷಧಿ ಒಂದು ಹನಿ ಹೊಡೆಯದಿದ್ದರೂ ಅವು ಸೊಪ್ಪಿನೊಳಗಿರುತ್ತವೆ. ತೊಳೆದರೂ ಬೇಯಿಸಿದರೂ ಹೋಗವು.

ಸಾವಯವದಲ್ಲಿ ಸಿಂಪಡಣೆಯೇ ಇಲ್ಲ ಎಂಬುದೂ ತಪ್ಪು ತಿಳಿವಳಿಕೆ. ಬೇವಿನೆಣ್ಣೆ, ಹುಳು ಕೊಲ್ಲುವ ಬಿಟಿ ಬ್ಯಾಕ್ಟೀರಿಯಾ, ಅಡಿಕೆ ತೋಟದ ಪರಿಚಿತ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಎಲ್ಲಕ್ಕೂ ಷರತ್ತಿನ ಅನುಮತಿ ಇದೆ.

ಊಟದ ತಟ್ಟೆಗೆ ಬರುವುದು ವಿಷದ ಕೊನೆಯ ಹನಿ, ಮೊದಲ ಪಾಲು ಹೊಡೆಯುವವರಿಗೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತ ಗೇರು ತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕವನ್ನು ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ದೇಶದಾದ್ಯಂತ ತಡೆಯಿತು. ಅಲ್ಲಿನ ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ತಾಯಂದಿರು ಅದಾದ ಮೇಲೂ ಎತ್ತಿ ಆಡಿಸುತ್ತಲೇ ಇದ್ದರು. ಸಾವಯವದ ಪರವಾಗಿ ನಮಗೆ ಕಾಣುವ ಬಲವಾದ ಕಾರಣ ಇದೇ, ಮತ್ತು ಅದು ಯಾವ ಪೋಷಕಾಂಶದ ಪಟ್ಟಿಯಲ್ಲೂ ಬರುವುದಿಲ್ಲ.

ತೊಳೆಯುವ ಕ್ರಮ

ಸಾವಯವವಲ್ಲದ ತರಕಾರಿಗೆ ಇದು ಅಗತ್ಯ, ಸಾವಯವಕ್ಕೂ ಬಿಡಬೇಡಿ. ಹೆಚ್ಚುವ ಮೊದಲು ತೊಳೆಯಿರಿ, ಹೆಚ್ಚಿದ ಮೇಲೆ ತೊಳೆದರೆ ಮೇಲಿನದು ಒಳಗಿಳಿಯುತ್ತದೆ. ಕಟ್ಟು ಬಿಚ್ಚಿ, ಹರಿಯುವ ನೀರಿನಲ್ಲಿ ಅರ್ಧ ನಿಮಿಷ ಕೈಯಿಂದ ಉಜ್ಜಿ. ಬಳಿಕ 1 ಲೀಟರ್ ನೀರಿಗೆ 10 ಗ್ರಾಂ, ಅಂದರೆ ಮಟ್ಟಸವಾದ 2 ಟೀ ಚಮಚ ಅಡುಗೆ ಸೋಡಾ ಕರಗಿಸಿ 12ರಿಂದ 15 ನಿಮಿಷ ಮುಳುಗಿಸಿಡಿ, ಮತ್ತೆ ತೊಳೆಯಿರಿ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ 2017ರಲ್ಲಿ ಸೇಬಿನ ಮೇಲೆ ಈ ಪ್ರಮಾಣವನ್ನೇ ಪರೀಕ್ಷಿಸಿತ್ತು. ಸಿಪ್ಪೆಯ ಮೇಲಿದ್ದ ಎರಡು ಔಷಧಿ ಹೋದವು. ಆದರೆ ಅವುಗಳಲ್ಲಿ ಒಂದರ ಐದನೇ ಒಂದು ಪಾಲು ಆಗಲೇ ಸಿಪ್ಪೆಯೊಳಗೆ ಇಳಿದಿತ್ತು, ಅದು ಅಲ್ಲೇ ಉಳಿಯಿತು.

ಇದೇ ತೊಳೆಯುವುದರ ಮಿತಿ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥ ಔಷಧಿಗಳು ಗಿಡದ ರಸದಲ್ಲೇ ಹರಿಯುತ್ತವೆ, ಸೋಡಾ ಅವನ್ನು ಮುಟ್ಟಲಾರದು. ಮೊದಲ ಪಟ್ಟಿಯ ಕಾಯಿಗಳಿಗೆ ಸಾವಯವವೇ ವಾಸಿ ಎನ್ನುವುದು ಇದಕ್ಕೇ.

ಸೊಪ್ಪು ಸೋಡಾದಲ್ಲಿ ಬಾಡುತ್ತದೆ. ಕರಿಬೇವು, ಕೊತ್ತಂಬರಿಗೆ ಹುಣಸೆ ನೀರು ಸರಿ: ಲೀಟರಿಗೆ 20 ಗ್ರಾಂ ಹುಣಸೆಹಣ್ಣು ಕಿವುಚಿ, ಸೋಸಿ, 10ರಿಂದ 15 ನಿಮಿಷ ನೆನೆಸಿ ಎರಡು ಸಲ ತೊಳೆಯಿರಿ. ಎಲೆಕೋಸಿನ ಹೊರಗಿನ ಎರಡು ಮೂರು ಪದರ ತೆಗೆದುಹಾಕಿ. ಉಪ್ಪು-ಅರಿಸಿನದ ಬಿಸಿನೀರು ಹೂಕೋಸಿನ ಹುಳು ಬಿಡಿಸಲು ಒಳ್ಳೆಯದು, ಔಷಧಿಗೆ ಅದನ್ನೇ ನೆಚ್ಚಬೇಡಿ. ಪಾತ್ರೆ ಸೋಪು, ಡಿಟರ್ಜೆಂಟ್ ಬೇಡವೇ ಬೇಡ.

ರೋಗಾಣುವಿನ ವಿಷಯದಲ್ಲಿ ಸಾವಯವಕ್ಕೆ ರಿಯಾಯಿತಿ ಇಲ್ಲ. ಸಾವಯವ ರೈತರು ಬಳಸುವ ದ್ರವಗೊಬ್ಬರ ಜೀವಾಮೃತದಲ್ಲಿ 200 ಲೀಟರ್ ನೀರಿಗೆ 10 ಕೆಜಿ ಹಸಿ ಸಗಣಿ ಇರುತ್ತದೆ. ಅದು ತಾಗಿದ ಸೊಪ್ಪನ್ನು ಹಸಿಯಾಗಿ ತಿನ್ನಬಾರದು. 2011ರಲ್ಲಿ ಜರ್ಮನಿಯ ಒಂದು ಸಾವಯವ ತೋಟದ ಮೊಳಕೆಯಿಂದ ಇ. ಕೋಲಿ ಹರಡಿ 50ಕ್ಕೂ ಹೆಚ್ಚು ಜನ ತೀರಿಕೊಂಡರು. ತನಿಖೆ ಹೋಗಿ ನಿಂತದ್ದು ಈಜಿಪ್ಟಿನಿಂದ ತಂದ ಮೆಂತ್ಯದ ಬೀಜದಲ್ಲಿ. ಮೊಳಕೆ ಕಾಳನ್ನು ಉಸಲಿಯಾಗಿ ಬೇಯಿಸಿ ತಿನ್ನುವ ನಮ್ಮ ರೂಢಿಯೇ ಸರಿ. ಮುಗ್ಗಲು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಜಿನ ವಿಷ ಇರಬಹುದು, ಅದಕ್ಕೂ ಸಾವಯವ ಮುದ್ರೆಗೂ ಸಂಬಂಧವಿಲ್ಲ. ಎಸೆಯಿರಿ.

ತಂದ ಮೇಲೆ

ಸಾವಯವ ಬೇಳೆಗೆ ಗೋದಾಮಿನ ವಿಷಧೂಮ ತಾಗಿರುವುದಿಲ್ಲ. ಹಾಗಾಗಿ ಹುಳು ಬೇಗ ಬರುತ್ತದೆ, ಅನೇಕರು ಇಲ್ಲೇ ಸೋತು ಮತ್ತೆ ಹಳೆಯ ಅಂಗಡಿಗೆ ಹೋಗುತ್ತಾರೆ. ಒಂದೆರಡು ತಿಂಗಳಿಗಾಗುವಷ್ಟೇ ತನ್ನಿ. ಒಂದು ದಿನ ಗಟ್ಟಿ ಬಿಸಿಲಿಗೆ ಹರಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿಯಿದ್ದಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಜು ಹಿಡಿಯುತ್ತದೆ. ತೊಗರಿಬೇಳೆಗೆ ಕೆಜಿಗೆ 5 ಮಿಲಿ ಹರಳೆಣ್ಣೆ ಸವರಿಡಿ, ಬೇಯಿಸುವಾಗ ತೊಳೆದರೆ ಹೋಗುತ್ತದೆ. ಹಿಟ್ಟು, ರವೆಯನ್ನು ಗಾಳಿಯಾಡದ ಚೀಲದಲ್ಲಿ ಫ್ರೀಜರಿನಲ್ಲಿ ನಾಲ್ಕೈದು ದಿನ ಇಟ್ಟು ತೆಗೆದರೆ ಮೊಟ್ಟೆಗಳೂ ಸಾಯುತ್ತವೆ. ಹೊರಗಿನ ತೇವ ಆರುವವರೆಗೆ ಚೀಲ ಬಿಚ್ಚಬೇಡಿ.

ಕರಿಬೇವನ್ನಂತೂ ಕೊಳ್ಳುವುದನ್ನೇ ಬಿಡಬಹುದು. 15 ಇಂಚಿನ ಕುಂಡ, ಮಣ್ಣು, ಕಾಂಪೋಸ್ಟ್, ತೆಂಗಿನ ನಾರಿನ ಪುಡಿ ಸಮಪಾಲು, ದಿನಕ್ಕೆ ಐದಾರು ಗಂಟೆ ಬಿಸಿಲು ಸಾಕು. ಎಲೆ ಎಲೆ ಕೀಳದೆ ಕುಡಿ ಸಮೇತ ಚಿವುಟಿದರೆ ಕವಲೊಡೆಯುತ್ತದೆ. ಎಲೆಯ ಮೇಲೆ ಹಕ್ಕಿಹಿಕ್ಕೆಯಂತೆ ಕಾಣುವುದು ಚಿಟ್ಟೆಯ ಮರಿಹುಳು, ಎರಡು ದಿನ ಬಿಟ್ಟರೆ ಗಿಡ ಬೋಳು. ಕೈಯಿಂದ ಆರಿಸಿ ತೆಗೆಯಿರಿ. ಹೇನು ಹತ್ತಿದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪು ನೀರು ಬೆರೆಸಿ ಸಂಜೆ ಹೊತ್ತು ಎಲೆಯ ಕೆಳಗೆ ತಾಗುವಂತೆ ಸಿಂಪಡಿಸಿ.