ಒಂದು ರಾತ್ರಿಯ ಆಟ, ಮೂರು ಡಿವಿಡಿ: ಅಗಲವನ್ನು ಅರ್ಧಕ್ಕಿಳಿಸಿದ ನನ್ನ ಅನುಭವ

1990ರ ದಶಕದಲ್ಲಿ ನನ್ನ ತಂದೆಯವರು ಊರಿನ ಸುತ್ತಮುತ್ತ ನಡೆದ ಯಕ್ಷಗಾನ ಬಯಲಾಟಗಳನ್ನು ವಿಎಚ್‌ಎಸ್ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ್ದರು. ಆ ಕ್ಯಾಸೆಟ್‌ಗಳು ಮರದ ಪೆಟ್ಟಿಗೆಯೊಂದರಲ್ಲಿ ಅಟ್ಟ ಸೇರಿದ್ದವು. ಕರಾವಳಿಯ ಮಳೆಗಾಲದ ತೇವಕ್ಕೆ ಕೆಲವು ಟೇಪುಗಳ ಅಂಚಿನಲ್ಲಿ ಬಿಳಿ ಬೂಸ್ಟು ಕಾಣಿಸಿಕೊಂಡಾಗ, ಇನ್ನು ತಡಮಾಡಿದರೆ ಅವುಗಳಲ್ಲಿರುವ ಭಾಗವತಿಕೆಯೂ ವೇಷಗಳೂ ನಮ್ಮ ಕೈಗೆ ಸಿಗಲಾರವು ಎಂಬ ಆತಂಕದಿಂದ, 2008ರಲ್ಲಿ ಅವೆಲ್ಲವನ್ನೂ ಡಿವಿಡಿಗೆ ಇಳಿಸುವ ಕೆಲಸಕ್ಕೆ ಕೈಹಾಕಿದೆ.

ಇ-180 ಕ್ಯಾಸೆಟ್ಟಿನಲ್ಲಿ ಮೂರು ಗಂಟೆಯ ಚಿತ್ರೀಕರಣ ಹಿಡಿಯುತ್ತದೆ. ರಾತ್ರಿ ಊಟದ ಹೊತ್ತಿಗೆ ಆರಂಭವಾಗಿ ಬೆಳಗಿನ ಜಾವಕ್ಕೆ ಮಂಗಳವಾಗುವ ಆಟಕ್ಕೆ ಅಂತಹ ಮೂರು ಕ್ಯಾಸೆಟ್ ಬೇಕಾಗುತ್ತಿತ್ತು. ಒಂದು ಕ್ಯಾಸೆಟ್ಟಿಗೆ ಒಂದು ಡಿಸ್ಕ್, ಒಂದು ಆಟಕ್ಕೆ ಮೂರು ಡಿಸ್ಕ್ ಎಂಬುದು ನಾನು ಹಾಕಿಕೊಂಡ ಲೆಕ್ಕ. ಎರಡು ಪದರದ, 8.5 ಜಿಬಿ ಹಿಡಿಯುವ ಡಿಸ್ಕುಗಳೂ ಆಗ ದೊರೆಯುತ್ತಿದ್ದವಾದರೂ ಅವುಗಳ ಬೆಲೆ ಹೆಚ್ಚಾಗಿತ್ತು. ಮಿಗಿಲಾಗಿ, ನಾವು ಹಂಚಬೇಕೆಂದಿದ್ದ ಮನೆಗಳ ಹಳೆಯ ಪ್ಲೇಯರುಗಳಲ್ಲಿ ಕೆಲವು ಅವನ್ನು ಓದುತ್ತಿರಲಿಲ್ಲ. ಆದ್ದರಿಂದ ಸಾಧಾರಣ 4.7 ಜಿಬಿ ಡಿಸ್ಕಿನಲ್ಲಿಯೇ ಮೂರು ಗಂಟೆಯನ್ನು ಕೂರಿಸಬೇಕಾಗಿತ್ತು.

ಇಲ್ಲಿ ಲೆಕ್ಕ ಬಹಳ ಸರಳ, ಆದರೆ ಕಟ್ಟುನಿಟ್ಟು. ಡಿಸ್ಕಿನ ಹೊರ ಅಂಚಿನಲ್ಲಿ ಓದುವ ದೋಷಗಳು ಹೆಚ್ಚಾಗಿ ಬರುವುದರಿಂದ ಅಲ್ಲಿ ಸ್ವಲ್ಪ ಜಾಗ ಬಿಟ್ಟು, ಮೆನು ಮೊದಲಾದವಕ್ಕೂ ತುಸು ತೆಗೆದಿಟ್ಟು, 4.5 ಜಿಬಿಯನ್ನಷ್ಟೇ ಬಳಸಲು ನಿಶ್ಚಯಿಸಿದೆ. ಒಂದು ಬೈಟಿಗೆ ಎಂಟು ಬಿಟ್‌ನಂತೆ ಅದು 3600 ಕೋಟಿ ಬಿಟ್. ಮೂರು ಗಂಟೆಯ 10,800 ಸೆಕೆಂಡುಗಳಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 33 ಲಕ್ಷ ಬಿಟ್, ಅಂದರೆ 3.3 ಮೆಗಾಬಿಟ್. ಧ್ವನಿಗೆ 224 ಕಿಲೋಬಿಟ್ ಕೊಟ್ಟರೆ ಚಿತ್ರಕ್ಕೆ ಉಳಿಯುವುದು ಸರಿಸುಮಾರು 3 ಮೆಗಾಬಿಟ್. ಡಿವಿಡಿಯ ನಿಯಮವು ಚಿತ್ರಕ್ಕೆ 9.8 ಮೆಗಾಬಿಟ್‌ವರೆಗೆ ಅವಕಾಶ ಕೊಡುತ್ತದೆ ಎಂಬುದನ್ನು ನೆನೆದರೆ, ನನ್ನ ಪಾಲಿಗೆ ಬಂದದ್ದು ಅದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಮೊದಲ ಡಿಸ್ಕನ್ನು ಪೂರ್ಣ ರೆಸಲ್ಯೂಷನ್ನಿನಲ್ಲಿ, ಅಂದರೆ 720×576 ಪಿಕ್ಸೆಲ್ಲಿನ ಅಳತೆಯಲ್ಲಿ, ಈ 3 ಮೆಗಾಬಿಟ್ಟಿಗೆ ಎನ್‌ಕೋಡ್ ಮಾಡಿದೆ, ಅಂದರೆ ಅಡಕಗೊಳಿಸಿದೆ. ರೆಸಲ್ಯೂಷನ್ ಕಡಿಮೆ ಮಾಡಿದರೆ ಚಿತ್ರ ಕೆಡುತ್ತದೆ ಎಂಬ ಸಾಮಾನ್ಯ ತಿಳಿವಳಿಕೆಯೇ ಆಗ ನನಗೂ ಇತ್ತು. ಭಾಗವತರು ಕುಳಿತು ಹಾಡುವಾಗ, ವೇಷಧಾರಿ ನಿಂತು ಅರ್ಥ ಹೇಳುವಾಗ ಎಲ್ಲವೂ ಚೆನ್ನಾಗಿಯೇ ಇತ್ತು. ಪುಂಡುವೇಷ ಪ್ರವೇಶಿಸಿ ಚೆಂಡೆಯ ಏರುಪೆಟ್ಟಿಗೆ ಧೀಂಗಿಣ (ಗಿರಗಿರನೆ ಸುತ್ತುವ ಕುಣಿತ) ಹಾಕತೊಡಗಿದೊಡನೆ ಚಿತ್ರ ಚೌಕಚೌಕವಾಗಿ ಒಡೆಯಿತು. ಕಿರೀಟ, ಎದೆಪದಕ, ಹಾರುವ ಶಾಲುಗಳೆಲ್ಲ ಬಣ್ಣದ ಹೆಂಚುಗಳಂತಾದವು. ಕಾರಣ ಸ್ಪಷ್ಟ. ಡಿವಿಡಿಗೆ ಚಿತ್ರವನ್ನು ಅಡಕಗೊಳಿಸುವ ಎಂಪೆಗ್-2 ಕ್ರಮವು ಅದನ್ನು 16×16 ಪಿಕ್ಸೆಲ್ಲಿನ ತುಂಡುಗಳಾಗಿ ನೋಡುತ್ತದೆ. 720×576ರ ಒಂದು ಫ್ರೇಮಿನಲ್ಲಿ ಅಂತಹ ತುಂಡುಗಳು 1620. ಇಡೀ ದೇಹ ಗಿರಗಿರನೆ ಸುತ್ತುವಾಗ ಹಿಂದಿನ ಫ್ರೇಮಿನಿಂದ ಎರವಲು ಪಡೆಯಲು ಹೆಚ್ಚೇನೂ ಇರುವುದಿಲ್ಲ, ಪ್ರತಿ ತುಂಡನ್ನೂ ಬಹುಪಾಲು ಹೊಸದಾಗಿ ಬರೆಯಬೇಕಾಗುತ್ತದೆ, ಆ ಬರವಣಿಗೆಗೆ ಬೇಕಾದಷ್ಟು ಬಿಟ್ ಇಲ್ಲ.

ಎರಡನೆಯ ಪ್ರಯತ್ನದಲ್ಲಿ ನೇರವಾಗಿ 352×288ಕ್ಕೆ ಇಳಿದೆ. ಇದು ವಿಸಿಡಿಯ (ವಿಡಿಯೊ ಸಿಡಿಯ) ಅಳತೆ, ಡಿವಿಡಿಯಲ್ಲಿಯೂ ಮಾನ್ಯ. ಚೌಕಗಳು ಸಂಪೂರ್ಣ ಮಾಯವಾದವು, ಆದರೆ ಕುಣಿತ ಸತ್ತುಹೋಯಿತು. ಆಗಿನ ನಮ್ಮ ಪಾಲ್ ಎಂಬ ಪ್ರಸಾರ ಪದ್ಧತಿಯ ಟಿವಿಯಲ್ಲಿ ಸೆಕೆಂಡಿಗೆ 25 ಫ್ರೇಮುಗಳಿದ್ದರೂ ಪ್ರತಿ ಫ್ರೇಮು ಎರಡು ಫೀಲ್ಡುಗಳಿಂದ ಆಗಿರುತ್ತದೆ: ಬೆಸ ಸಾಲುಗಳದು ಒಂದು, ಸಮ ಸಾಲುಗಳದು ಇನ್ನೊಂದು, ಒಂದೊಂದರಲ್ಲಿ 288 ಸಾಲು. ಈ ಎರಡೂ ಫೀಲ್ಡುಗಳನ್ನು ಕ್ಯಾಮೆರಾ ಬೇರೆ ಬೇರೆ ಕ್ಷಣಗಳಲ್ಲಿ ಹಿಡಿದಿರುತ್ತದೆ, ಆದ್ದರಿಂದ ಚಲನೆಯ ದೃಷ್ಟಿಯಿಂದ ನಾವು ನೋಡುವುದು ಸೆಕೆಂಡಿಗೆ 50 ಚಿತ್ರ. 288 ಸಾಲಿಗೆ ಇಳಿಸಿದರೆ ಒಂದು ಫೀಲ್ಡನ್ನು ಎಸೆದಂತೆ. ಐವತ್ತರ ಜಾಗದಲ್ಲಿ ಇಪ್ಪತ್ತೈದು ಮಾತ್ರ ಉಳಿಯುತ್ತದೆ. ಚೆಂಡೆಯವರ ಕೋಲು ಮೇಲೊಮ್ಮೆ ಕೆಳಗೊಮ್ಮೆ ಕಾಣುತ್ತಿತ್ತೇ ಹೊರತು ನಡುವಿನ ಬೀಸು ಕಾಣುತ್ತಿರಲಿಲ್ಲ. ತಂದೆಯವರು ಐದು ನಿಮಿಷ ನೋಡಿ, ಹೆಜ್ಜೆ ತಾಳಕ್ಕೆ ಕೂಡುತ್ತಿಲ್ಲವೆಂದರು. ಧ್ವನಿ ಚಿತ್ರಗಳ ಹೊಂದಾಣಿಕೆಯಲ್ಲಿ ಯಾವ ತಪ್ಪೂ ಇರಲಿಲ್ಲ. ಹೆಜ್ಜೆ ನೆಲ ಮುಟ್ಟುವ ನಿಜವಾದ ಕ್ಷಣವೇ ಎಷ್ಟೋ ಬಾರಿ ಎಸೆದ ಫೀಲ್ಡಿನಲ್ಲಿ ಹೋಗಿತ್ತು. ಯಕ್ಷಗಾನದ ಮಟ್ಟಿಗೆ ಇದು ಸಣ್ಣ ನಷ್ಟವೆಂದು ನಾನು ಒಪ್ಪಲಾರೆ.

ಹಾಗಾದರೆ ಎತ್ತರವನ್ನು ಮುಟ್ಟದೆ ಅಗಲವನ್ನು ಮಾತ್ರ ಅರ್ಧಕ್ಕಿಳಿಸಿದರೆ? 352×576 ಎಂಬ ಅಳತೆ ಡಿವಿಡಿಯ ನಿಯಮದೊಳಗೇ ಇದೆ. ಎರಡೂ ಫೀಲ್ಡುಗಳು ಉಳಿಯುತ್ತವೆ, ತುಂಡುಗಳ ಸಂಖ್ಯೆ 1620ರಿಂದ 792ಕ್ಕೆ ಇಳಿಯುತ್ತದೆ, ಅಂದರೆ ಅದೇ 3 ಮೆಗಾಬಿಟ್ಟಿನಲ್ಲಿ ಪ್ರತಿ ತುಂಡಿಗೂ ಎರಡರಷ್ಟು ಬಿಟ್ ಸಿಗುತ್ತದೆ. ಅಡ್ಡಡ್ಡಲಾಗಿ ಅರ್ಧ ವಿವರ ಕಳೆದುಹೋಗುವುದಿಲ್ಲವೇ ಎಂಬ ಭಯ ನನ್ನನ್ನು ಕೆಲವು ದಿನ ತಡೆದಿತ್ತು. ಕೊನೆಗೆ ಕ್ಯಾಸೆಟ್ಟಿನಲ್ಲಿ ನಿಜವಾಗಿ ಎಷ್ಟು ವಿವರವಿದೆ ಎಂದು ಲೆಕ್ಕಹಾಕಿದಾಗ ಆ ಭಯ ಹೋಯಿತು. ವಿಎಚ್‌ಎಸ್ ಟೇಪು ಬೆಳಕಿನ ಸಂಕೇತವನ್ನು ಸುಮಾರು 3 ಮೆಗಾಹರ್ಟ್ಸ್‌ವರೆಗೆ ಮಾತ್ರ ಹಿಡಿದಿಡುತ್ತದೆ. ಅಡ್ಡಡ್ಡಲಾಗಿ ಸುಮಾರು 240 ಗೆರೆಗಳೆಂದು ಹೇಳುವುದು ಇದನ್ನೇ. 720 ಪಿಕ್ಸೆಲ್ಲಿನ ಸಾಲನ್ನು ಸೆಕೆಂಡಿಗೆ 135 ಲಕ್ಷ ಮಾದರಿಗಳಂತೆ ಎತ್ತಿಕೊಳ್ಳಲಾಗುತ್ತದೆ. ಅದರ ಅರ್ಧ, 67.5 ಲಕ್ಷ ಮಾದರಿಗಳಿದ್ದರೂ, ಒಂದು ಏರಿಳಿತಕ್ಕೆ ಎರಡು ಮಾದರಿ ಬೇಕೆಂಬ ಲೆಕ್ಕದಲ್ಲಿ, 3.375 ಮೆಗಾಹರ್ಟ್ಸ್‌ವರೆಗಿನ ಸಂಕೇತವನ್ನು ಪ್ರತಿನಿಧಿಸಬಹುದು. ಟೇಪಿನಲ್ಲಿರುವುದೇ 3. ಮೊದಲ ಡಿಸ್ಕಿನಲ್ಲಿ ನಾನು ಬಿಟ್ ಸುರಿದು ಉಳಿಸಲು ಹೆಣಗಿದ್ದ ಅಗಲದ ಬಹುಭಾಗದಲ್ಲಿ ವಿವರವೇ ಇರಲಿಲ್ಲ, ಟೇಪಿನ ನಾಯ್ಸ್ (ಕಾಳುಕಾಳಾದ ಕಲಬೆರಕೆ) ಮಾತ್ರ ಇತ್ತು.

ಮೂರನೆಯ ಡಿಸ್ಕನ್ನು ಮನೆಯ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಮೂಲ ಕ್ಯಾಸೆಟ್ಟಿನ ಪಕ್ಕದಲ್ಲಿಟ್ಟು ನೋಡಿದೆವು. ಧೀಂಗಿಣ ಧೀಂಗಿಣವಾಗಿಯೇ ಕಂಡಿತು. ಬಣ್ಣದ ವೇಷದ ಮುಖದ ಬಿಳಿ ಚುಟ್ಟಿಯ (ಮುಖದ ಮೇಲಿಡುವ ಬಿಳಿ ಚುಕ್ಕೆಗಳ) ಸಾಲು ಕ್ಯಾಸೆಟ್ಟಿನಲ್ಲಿ ಎಷ್ಟು ಸ್ಪಷ್ಟವೋ ಅಷ್ಟೇ ಸ್ಪಷ್ಟವಾಗಿತ್ತು.

ಆದರೆ ಅಗಲ ಇಳಿಸುವಾಗ ಎಚ್ಚರ ಬೇಕು. 720ನ್ನು ನೇರವಾಗಿ 352ಕ್ಕೆ ಕುಗ್ಗಿಸಬಾರದು. ನಿಜವಾದ ಚಿತ್ರ ಇರುವುದು ನಡುವಿನ ಸುಮಾರು 702 ಪಿಕ್ಸೆಲ್ಲಿನಲ್ಲಿ. ಆದ್ದರಿಂದ ಎರಡೂ ಬದಿಯಲ್ಲಿ ಎಂಟೆಂಟು ಪಿಕ್ಸೆಲ್ ಕತ್ತರಿಸಿ 704 ಮಾಡಿಕೊಂಡು, ಅನಂತರ ಸರಿಯಾಗಿ ಅರ್ಧಕ್ಕಿಳಿಸಬೇಕು. ಹಾಗೆ ಮಾಡದಿದ್ದರೆ ಮನುಷ್ಯರು ನೂರಕ್ಕೆ ಎರಡರಷ್ಟು ಸಣಕಲಾಗುತ್ತಾರೆ. ಎಸ್‌ವಿಸಿಡಿಯ (ವಿಸಿಡಿಯ ಸುಧಾರಿತ ರೂಪದ) 480×576 ಅಳತೆಯೂ ನನ್ನನ್ನು ಆಕರ್ಷಿಸಿತ್ತು, ಆದರೆ ಅದು ಡಿವಿಡಿಯ ನಿಯಮದಲ್ಲಿ ಇಲ್ಲ. ಒಂದು ಪ್ಲೇಯರಿನಲ್ಲಿ ಓಡಿದ್ದು ಇನ್ನೊಂದರಲ್ಲಿ ಓಡುತ್ತದೆಂಬ ಭರವಸೆ ಇಲ್ಲದ್ದನ್ನು ಹಂಚುವುದು ನನಗೆ ಸರಿಕಾಣಲಿಲ್ಲ.

ಬಿಟ್ ಉಳಿಸುವ ಇನ್ನೊಂದು ದಾರಿ ಚಿತ್ರದ ಕೆಳ ಅಂಚಿನಲ್ಲಿತ್ತು. ವಿಎಚ್‌ಎಸ್ ಚಿತ್ರದ ತಳದಲ್ಲಿ, ಟೇಪನ್ನು ಓದುವ ಹೆಡ್ ಬದಲಾಗುವಲ್ಲಿ, ಕೆಲವು ಸಾಲುಗಳು ಸದಾ ಹರಿದಂತೆ ಅಲುಗುತ್ತಿರುತ್ತವೆ. ಟಿವಿಯ ಚೌಕಟ್ಟಿನ ಹಿಂದೆ ಅವು ಮರೆಯಾಗುವುದರಿಂದ ನೋಡುವವರಿಗೆ ತಿಳಿಯದು, ಎನ್‌ಕೋಡರಿಗೆ ಮಾತ್ರ ಅವು ಪ್ರತಿ ಫ್ರೇಮಿನಲ್ಲಿಯೂ ಹೊಸ ಚಿತ್ರವೇ. ತಳದ 16 ಸಾಲುಗಳನ್ನು ಕಪ್ಪಾಗಿಸಿದೆ. ತುಂಡುಗಳ ಒಂದು ಇಡೀ ಸಾಲಿಗೆ ಬಿಟ್ ಖರ್ಚಾಗುವುದು ನಿಂತಿತು. ರಾತ್ರಿಯ ಬೆಳಕಿನಲ್ಲಿ ತೆಗೆದ ಚಿತ್ರದ ನಾಯ್ಸನ್ನು ತಗ್ಗಿಸಲು ಫಿಲ್ಟರನ್ನು ಹಗುರವಾಗಿ ಬಳಸಿದೆ. ಹೆಚ್ಚು ಬಳಸಿದರೆ ಸುತ್ತುವ ವೇಷದ ಹಿಂದೆ ನೆರಳಿನ ಬಾಲ ಮೂಡುತ್ತದೆ, ಅದಕ್ಕಿಂತ ನಾಯ್ಸೇ ವಾಸಿ. ಎನ್‌ಕೋಡನ್ನು ಎರಡು ಸುತ್ತಿನಲ್ಲಿ ಮಾಡಿಸಿದೆ: ಮೊದಲ ಸುತ್ತಿನಲ್ಲಿ ಎಲ್ಲಿ ಕುಣಿತ, ಎಲ್ಲಿ ಮಾತು ಎಂದು ತಂತ್ರಾಂಶ ಅಳೆಯುತ್ತದೆ, ಎರಡನೆಯದರಲ್ಲಿ ಮಾತಿನ ಭಾಗದಿಂದ ಉಳಿದದ್ದನ್ನು ಕುಣಿತಕ್ಕೆ ಕೊಡುತ್ತದೆ. ಗಂಟೆಗಟ್ಟಲೆ ಅರ್ಥಗಾರಿಕೆಯಿರುವ ಆಟಕ್ಕೆ ಇದಕ್ಕಿಂತ ಹೊಂದುವ ಕ್ರಮ ಬೇರೊಂದಿಲ್ಲ.

ನನ್ನ ಮೂರು ವಾರವನ್ನು ತಿಂದ ತಪ್ಪು ಫೀಲ್ಡುಗಳ ಅನುಕ್ರಮದ್ದು. ಕ್ಯಾಸೆಟ್ಟುಗಳನ್ನು ಮೊದಲು ಡಿವಿ (ಡಿಜಿಟಲ್ ವಿಡಿಯೊ) ಪರಿವರ್ತಕದ ಮೂಲಕ ಹಾರ್ಡ್‌ಡಿಸ್ಕಿಗೆ, ಗಂಟೆಗೆ ಸುಮಾರು 13 ಜಿಬಿಯಂತೆ, ಪೂರ್ಣ ಅಳತೆಯಲ್ಲಿ ಇಳಿಸಿಕೊಳ್ಳುತ್ತಿದ್ದೆ. ಡಿವಿಯಲ್ಲಿ ಕೆಳಗಿನ ಫೀಲ್ಡು ಮೊದಲು ಬರುತ್ತದೆ. ನನ್ನ ಎನ್‌ಕೋಡರಿನಲ್ಲಿ ಮೇಲಿನದು ಮೊದಲು ಎಂದು ಹೊಂದಿಸಿತ್ತು. ಕಂಪ್ಯೂಟರಿನ ಪರದೆಯಲ್ಲಿ ಏನೂ ತಿಳಿಯಲಿಲ್ಲ. ಟಿವಿಯಲ್ಲಿ ಮಾತ್ರ ಪ್ರತಿ ಚಲನೆಯೂ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂಬಂತೆ ನಡುಗುತ್ತಿತ್ತು. ಹನ್ನೊಂದು ಡಿಸ್ಕುಗಳನ್ನು ಮತ್ತೆ ಮಾಡಬೇಕಾಯಿತು. ಆ ಬಳಿಕ ಕುಣಿತದ ಎರಡು ನಿಮಿಷವನ್ನು ಮರುಬರಹದ ಡಿಸ್ಕಿನಲ್ಲಿ ಬರೆದು ಟಿವಿಯಲ್ಲಿ ನೋಡದೆ ಯಾವ ಕ್ಯಾಸೆಟ್ಟನ್ನೂ ಪೂರ್ತಿ ಎನ್‌ಕೋಡ್ ಮಾಡಲಿಲ್ಲ.

ಪೆಟ್ಟಿಗೆಯಲ್ಲಿ ತಾಳಮದ್ದಳೆಯ ಕ್ಯಾಸೆಟ್ಟುಗಳೂ ಇದ್ದವು. ವೇಷವಿಲ್ಲ, ಕುಣಿತವಿಲ್ಲ; ಅರ್ಥಧಾರಿಗಳು ಕುಳಿತು ವಾದಿಸುತ್ತಾರೆ, ಕ್ಯಾಮೆರಾ ಒಂದೇ ಕಡೆ ನಿಂತಿರುತ್ತದೆ. ಇಲ್ಲಿ ನಾನು ಬೇಡವೆಂದು ಬಿಟ್ಟಿದ್ದ 352×288 ಸಾಕಾಯಿತು. ಐದು ಗಂಟೆಯ ಒಂದು ಕೂಟವನ್ನು ಒಂದೇ ಡಿಸ್ಕಿಗೆ ಕೂರಿಸಲು ಒಟ್ಟು 2 ಮೆಗಾಬಿಟ್ ಸಿಕ್ಕಿತು. ಅದರಲ್ಲಿ ಧ್ವನಿಗೆ 256 ಕಿಲೋಬಿಟ್ ಕೊಟ್ಟು, ಚಿತ್ರಕ್ಕೆ 1.7 ಮೆಗಾಬಿಟ್ ಇಟ್ಟೆ. ಕರ್ಣನ ಪಾತ್ರಧಾರಿ ಮಾತು ನಿಲ್ಲಿಸಿ ಉಸಿರೆಳೆದುಕೊಳ್ಳುವುದೂ, ಎದುರಿನವರು ಉತ್ತರಕ್ಕೆ ಮುನ್ನ ಮುಗುಳ್ನಗುವುದೂ ಅದರಲ್ಲಿ ಉಳಿದಿವೆ. ಐದು ಗಂಟೆಯ ಒಂದು ವಾದವನ್ನು ನಡುವೆ ಮುರಿಯದೆ ಕೇಳುವ ಅನುಕೂಲದ ಮುಂದೆ ಕೊಂಚ ಮಸುಕಾದ ಅಂಚುಗಳು ನನಗೆ ಲೆಕ್ಕಕ್ಕೆ ಬರಲಿಲ್ಲ.

ಇದೇ ಕ್ರಮವನ್ನು 2004ರ ನಂತರ ನಾನೇ ಮಿನಿ ಡಿವಿ ಕ್ಯಾಮೆರಾದಲ್ಲಿ ತೆಗೆದ ಆಟಗಳಿಗೆ ಅನ್ವಯಿಸಿ ನೋಡಿದಾಗ ಫಲಿತಾಂಶ ಕೆಟ್ಟದಾಗಿತ್ತು. ಆ ಟೇಪುಗಳಲ್ಲಿ ವಿಎಚ್‌ಎಸ್‌ಗಿಂತ ಎರಡರಷ್ಟು ವಿವರ ನಿಜವಾಗಿಯೇ ಇದೆ. ಅಗಲ ಅರ್ಧವಾದೊಡನೆ ಕೇದಗೆ ಮುಂದಲೆ ಎಂಬ ತಲೆಯುಡುಗೆಯ ಕುಸುರಿ ಕಲಸಿಹೋಯಿತು. ಅವನ್ನು 720×576ರಲ್ಲಿಯೇ ಉಳಿಸಿಕೊಂಡು, ಗಂಟೆಗೆ ಹೆಚ್ಚು ಜಾಗ ಕೊಟ್ಟು, ಒಂದು ಆಟಕ್ಕೆ ಐದು ಡಿಸ್ಕ್ ಮಾಡಿದೆ. ಪ್ರತಿ ಡಿಸ್ಕನ್ನೂ ಒಂದು ಪದ ಮುಗಿದು ಇನ್ನೊಂದು ಪಾತ್ರ ಪ್ರವೇಶಿಸುವ ಸ್ಥಳದಲ್ಲಿಯೇ ನಿಲ್ಲಿಸಿದೆ. ಎಲ್ಲ ಲಕೋಟೆಗಳ ಮೇಲೆ ಪ್ರಸಂಗದ ಹೆಸರು, ಊರು, ದಿನಾಂಕಗಳ ಕೆಳಗೆ, ಮೂಲ ಯಾವ ಟೇಪು, ಡಿಸ್ಕಿನ ಅಳತೆ ಎಷ್ಟು, ಯಾವ ಫೀಲ್ಡು ಮೊದಲು ಎಂದು ಒಂದು ಸಾಲು ಬರೆದಿದ್ದೇನೆ. ಬೂಸ್ಟು ಒರೆಸಿದ ಮೂಲ ಕ್ಯಾಸೆಟ್ಟುಗಳು ಈಗ ಅಟ್ಟದಲ್ಲಿಲ್ಲ, ಒಣಗಿದ ಕೋಣೆಯ ಕಪಾಟಿನಲ್ಲಿ, ನೆಟ್ಟಗೆ ನಿಲ್ಲಿಸಿದ ಸ್ಥಿತಿಯಲ್ಲಿವೆ.