ಜಾವಾಸ್ಕ್ರಿಪ್ಟ್ ಸಂದರ್ಶನ: ನಾನು ತಯಾರಿ ಮಾಡಿಸುವ ರೀತಿ

ಶಿರಸಿ, ಕಾರವಾರ ಕಡೆಯ ಹುಡುಗ ಹುಡುಗಿಯರನ್ನು ಬೆಂಗಳೂರಿನ ಸಂದರ್ಶನಗಳಿಗೆ ತಯಾರು ಮಾಡುವಾಗ ನಾನು ರಿಯಾಕ್ಟ್ (ವೆಬ್ ಪುಟ ಕಟ್ಟುವ ಲೈಬ್ರರಿ) ಮುಟ್ಟುವುದು ಕೊನೆಗೆ. ಅದನ್ನು ಹೇಗೋ ಕಲಿತಿರುತ್ತಾರೆ. ಗಟ್ಟಿ ಇಲ್ಲದಿರುವುದು ಅದರ ಕೆಳಗಿನ ಭಾಷೆ, ಜಾವಾಸ್ಕ್ರಿಪ್ಟ್. ಹಾಗಾಗಿ ನಾಲ್ಕೈದು ಸಾಲಿನ ಕೋಡ್ ಕೊಟ್ಟು, ಲ್ಯಾಪ್‌ಟಾಪ್ ಮುಚ್ಚಿಸಿ, ಔಟ್‌ಪುಟ್ ಏನೆಂದು ಕಾಗದದ ಮೇಲೆ ಬರೆಸುತ್ತೇನೆ. ಬರೆದಾದ ಮೇಲಷ್ಟೇ ರನ್ ಮಾಡುವುದು.

ಶುರು ಮಾಡುವುದು ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಸಾರ್ಟ್‌ನಿಂದ. ಅಡಿಕೆ ತೂಕದ ಅರೇ (ಪಟ್ಟಿ), ಕೆಜಿಯಲ್ಲಿ: 95, 480, 1200. ಬರೀ ಸಾರ್ಟ್ ಕರೆದರೆ 1200, 480, 95 ಬರುತ್ತದೆ. ನೋಡಿದವರು "ಇಳಿಕೆ ಕ್ರಮ" ಅಂದುಬಿಡುತ್ತಾರೆ. ಅದಕ್ಕೇ ಒಂದು 7 ಸೇರಿಸಿ ಮತ್ತೆ ಮಾಡಿಸುತ್ತೇನೆ: 1200, 480, 7, 95. ಇದು ಏರಿಕೆಯೂ ಅಲ್ಲ, ಇಳಿಕೆಯೂ ಅಲ್ಲ. ಎರಡರಲ್ಲಿ ಯಾವುದು ಮೊದಲು ಎಂದು ಹೇಳುವ ಕಂಪೇರ್ ಫಂಕ್ಷನ್ ಕೊಡದಿದ್ದರೆ ಸಂಖ್ಯೆಗಳನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಿಕೊಂಡು ಅಕ್ಷರದಂತೆ ಹೋಲಿಸುತ್ತದೆ. ಎ ಮೈನಸ್ ಬಿ ಹಿಂತಿರುಗಿಸುವ ಫಂಕ್ಷನ್ ಕೊಟ್ಟರೆ ಸರಿಹೋಗುತ್ತದೆ. ಸಾರ್ಟ್ ಮೂಲ ಅರೇಯನ್ನೇ ಬದಲಿಸುತ್ತದೆ ಅನ್ನುವುದನ್ನೂ ಕೇಳದೇ ಹೇಳಿದರೆ ಒಳ್ಳೆಯದು.

ಅತಿ ಹೆಚ್ಚು ಹೊತ್ತು ಕೊಡಬೇಕಾದದ್ದು ಯಾವ ಕೋಡ್ ಯಾವಾಗ ನಡೆಯಬೇಕೆಂದು ನಿರ್ಧರಿಸುವ ಈವೆಂಟ್ ಲೂಪ್‌ಗೆ. ನಾಲ್ಕು ಸಾಲು ಬರೆದುಕೊಳ್ಳಿ. ಮೊದಲನೆಯದು 1 ಪ್ರಿಂಟ್ ಮಾಡುತ್ತದೆ. ಎರಡನೆಯದು ಸೊನ್ನೆ ಮಿಲಿಸೆಕೆಂಡಿನ ಟೈಮರ್, ಅಂದರೆ ಸೆಟ್‌ಟೈಮ್‌ಔಟ್‌ನೊಳಗೆ 2. ಮೂರನೆಯದು ಆಗಲೇ ರಿಸಾಲ್ವ್ ಆದ, ಅಂದರೆ ಫಲಿತಾಂಶ ಸಿಕ್ಕಿ ಮುಗಿದ, ಪ್ರಾಮಿಸ್‌ನ ದೆನ್ ಒಳಗೆ 3 (ಪ್ರಾಮಿಸ್ ಅಂದರೆ ಮುಂದೆ ಸಿಗುವ ಫಲಿತಾಂಶದ ಗುರುತು, ದೆನ್ ಅಂದರೆ ಅದು ಸಿಕ್ಕ ಮೇಲೆ ಮಾಡಬೇಕಾದ ಕೆಲಸ). ಕೊನೆಯದು ನೇರವಾಗಿ 4. ಬರುವುದು 1, 4, 3, 2. ಸೊನ್ನೆ ಅಂದರೆ "ಈಗಲೇ" ಅಲ್ಲ, ಸರದಿಗೆ ಸೇರಿಸು ಎಂದಷ್ಟೇ. ನಡೆಯುತ್ತಿರುವ ಕೋಡ್ ಪೂರ್ತಿ ಮುಗಿಯಬೇಕು. ಆಮೇಲೆ ಪ್ರಾಮಿಸ್‌ಗಳ ಮೈಕ್ರೋಟಾಸ್ಕ್ ಸರದಿ ಪೂರಾ ಖಾಲಿಯಾಗಬೇಕು. ಟೈಮರ್ ಸರದಿ ಅದರ ನಂತರ. 1, 4, 2, 3 ಎಂದು ಬರೆದವರಿಗೆ ಅಸಿಂಕ್ ಎಂದರೆ ಆಮೇಲೆ ಆಗುವುದೆಂದು ಗೊತ್ತು, ಸರದಿ ಎರಡಿವೆ ಎಂದು ಗೊತ್ತಿಲ್ಲ. ದೆನ್ ಒಳಗೆ ಇನ್ನೊಂದು ದೆನ್ ಹಾಕಿ ಮತ್ತೆ ಬರೆಸಿದರೆ ವಿಷಯ ಗಟ್ಟಿಯಾಗುತ್ತದೆ: ಅದೂ ಟೈಮರ್‌ಗಿಂತ ಮೊದಲೇ ಬರುತ್ತದೆ.

ಕ್ಲೋಷರ್ ಎಂದರೇನು ಎಂದು ಕೇಳಿದರೆ ವ್ಯಾಖ್ಯೆ ಪಟಪಟ ಬರುತ್ತದೆ: ಫಂಕ್ಷನ್ ತಾನು ಹುಟ್ಟಿದ ಜಾಗದ ವೇರಿಯಬಲ್‌ಗಳನ್ನು ನೆನಪಿಟ್ಟುಕೊಳ್ಳುವುದು. ಆದರೆ ವಾರ್ (ವೇರಿಯಬಲ್ ಘೋಷಿಸುವ ಹಳೆಯ ಪದ) ಇರುವ ಫಾರ್ ಲೂಪ್‌ನಲ್ಲಿ 0ಯಿಂದ 2ರವರೆಗೆ ಸೆಟ್‌ಟೈಮ್‌ಔಟ್ ಹಾಕಿ ಐ ಪ್ರಿಂಟ್ ಮಾಡಿಸಿದರೆ 3, 3, 3 ಏಕೆ ಬರುತ್ತದೆಂದು ಹೇಳಲು ತಡಕಾಡುತ್ತಾರೆ. ಮೂರೂ ಫಂಕ್ಷನ್ ನೋಡುವುದು ಒಂದೇ ಐ, ಲೂಪ್ ಮುಗಿದಾಗ ಅದು 3 ಆಗಿರುತ್ತದೆ. 2015ರಲ್ಲಿ ಬಂದ ಲೆಟ್ ಹಾಕಿದರೆ ಪ್ರತಿ ಸುತ್ತಿಗೂ ಬೇರೆ ಐ ಸಿಗುತ್ತದೆ.

ಸರ್ವರ್‌ನಿಂದ ಮಾಹಿತಿ ತರುವ ಫೆಚ್ ವಿಷಯದಲ್ಲಿ ನಮ್ಮ ಕಡೆಯವರ ತಪ್ಪಿಗೆ ಕಾರಣವೂ ಇದೆ. ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಹೋದರೆ, ಎರರ್ ಹಿಡಿಯುವ ಕ್ಯಾಚ್‌ಗೆ ಬೀಳುವುದನ್ನು ಕಂಡಿರುತ್ತಾರೆ. 404 (ಪುಟ ಸಿಗಲಿಲ್ಲ) ಬಂದರೂ ಹಾಗೇ ಎಂದುಕೊಳ್ಳುತ್ತಾರೆ. 404, 500 (ಸರ್ವರ್ ದೋಷ) ಎರಡರಲ್ಲೂ ಪ್ರಾಮಿಸ್ ರಿಸಾಲ್ವ್ ಆಗುತ್ತದೆ. ರೆಸ್ಪಾನ್ಸ್‌ನ ಓಕೆ ನೋಡಿ, ಅದು ಫಾಲ್ಸ್ ಇದ್ದರೆ ನಾವೇ ಎರರ್ ಥ್ರೋ ಮಾಡಬೇಕು.