ನುಡಿ ಹಾಕಿಕೊಳ್ಳಲು ಹೋಗಿ ಕಲಿತದ್ದು

ಹೊಸ ಲ್ಯಾಪ್‌ಟಾಪ್ ಬಂದ ದಿನವೇ ಕನ್ನಡ ಟೈಪಿಂಗ್ ಬೇಕಿತ್ತು. ಬೆಳಗಾಗುವುದರೊಳಗೆ ಒಂದು ಮದುವೆ ಕರೆಯೋಲೆ ಪ್ರೆಸ್ಸಿಗೆ ಹೋಗಬೇಕು. ಕನ್ನಡ ಟೈಪ್ ಮಾಡುವ ತಂತ್ರಾಂಶ ‘ನುಡಿ’ಯನ್ನು ಹುಡುಕಿ, ಮೊದಲು ಸಿಕ್ಕ ತಾಣಕ್ಕೆ ಹೋದೆ. ಅಲ್ಲಿ ‘ಡೌನ್‌ಲೋಡ್’ ಅನ್ನುವ ಹಸಿರು ಗುಂಡಿಗಳೇ ನಾಲ್ಕು. ಯಾವುದನ್ನೋ ಒತ್ತಿದೆ. ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ಕನ್ನಡ ಬಂತು. ಜೊತೆಗೆ ಬ್ರೌಸರ್‌ನ ಮುಖಪುಟ ಬದಲಾಯಿತು. ಕರೆಯದೇ ಬಂದ ಒಂದು ‘ಕ್ಲೀನರ್’, ನಿಮ್ಮ ಕಂಪ್ಯೂಟರಿನಲ್ಲಿ ಸಾವಿರಾರು ದೋಷಗಳಿವೆ ಅಂತ ಹೆದರಿಸತೊಡಗಿತು. ಹುಟ್ಟಿ ಒಂದು ದಿನವಾಗದ ಲ್ಯಾಪ್‌ಟಾಪಿನಲ್ಲಿ!

ನುಡಿಯದ್ದೇನೂ ತಪ್ಪಿಲ್ಲ, ಅದನ್ನು ಪೊಟ್ಟಣ ಕಟ್ಟಿ ಹಂಚಿದವರದು. ಕ್ಲೀನರ್ ಕಿತ್ತು ಹಾಕಿದೆ. ಆದರೆ ರಾತ್ರಿ ಬ್ಯಾಂಕಿನ ಪಾಸ್‌ವರ್ಡ್ ಹೊಡೆಯಲು ಹೋದಾಗ ಕೈ ಏಳಲಿಲ್ಲ. ಕೀಲಿಮಣೆ ತಂತ್ರಾಂಶದ ಕೆಲಸವೇ ನಾವು ಒತ್ತುವ ಪ್ರತಿ ಕೀಲಿಯನ್ನೂ ನೋಡುವುದು, ಅಲ್ವಾ? ನೋಡದೆ ಅಕ್ಷರ ಮೂಡಿಸುವುದು ಹೇಗೆ? ಕದಿಯುವವನಿಗೂ ಅದೇ ಬಾಗಿಲು ಸಾಕು. ವಿಂಡೋಸ್ ಅಳಿಸಿ ಮತ್ತೆ ಹಾಕಿದೆ. ಅರ್ಧ ದಿನ ಹೋಯಿತು.

ಈ ಸಲ ಮೊದಲು ಕೇಳಿಕೊಂಡದ್ದು: ಏನಾದರೂ ಹಾಕಲೇಬೇಕಾ? ವಿಂಡೋಸ್ 10ರಲ್ಲಿ 2019ರಿಂದ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡಿಸುವ ಫೋನೆಟಿಕ್ ಕೀಲಿಮಣೆ ಇದೆ, ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಕೀಲಿ ವಿನ್ಯಾಸ ಅದಕ್ಕೂ ಹಳೆಯದು. ಮೇಲ್, ವಾಟ್ಸಾಪ್‌ಗೆ ಅಷ್ಟು ಸಾಕು. ನನ್ನ ಕಷ್ಟ ಬೇರೆ. ನಮ್ಮ ಪ್ರೆಸ್ಸಿನವರು ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಅನ್ನು ಇನ್ನೂ ಬಿಟ್ಟಿಲ್ಲ, ವಿಂಡೋಸ್ ಕೀಲಿಮಣೆ ಕೊಡುವ ಯೂನಿಕೋಡ್ ಕನ್ನಡ ಅದಕ್ಕೆ ಒಗ್ಗುವುದಿಲ್ಲ. ನುಡಿಯ ಹಳೆಯ ಫಾಂಟುಗಳೇ ಬೇಕು.

ಹಾಗಾಗಿ ನುಡಿ ಮಾಡಿದ ಕನ್ನಡ ಗಣಕ ಪರಿಷತ್ತಿನ ತಾಣದಿಂದಲೇ ಇಳಿಸಿಕೊಂಡೆ. ತೆರೆಯುವ ಮೊದಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಸರ್ಟ್‌ಯುಟಿಲ್ ಆಜ್ಞೆ ಕೊಟ್ಟು ಕಡತದ ಎಸ್‌ಎಚ್‌ಎ-256 ಮೊತ್ತ, ಅಂದರೆ ಅದರ ಬೆರಳಗುರುತಿನಂಥದ್ದು, ತೆಗೆದೆ. 64 ಅಕ್ಷರಗಳ ಉದ್ದ ಸಾಲು. ಕಡತ ಒಂದಿಷ್ಟು ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಆ ಸಾಲನ್ನು, ಹಲವು ಆಂಟಿವೈರಸ್‌ಗಳು ಕಡತದ ಬಗ್ಗೆ ಏನನ್ನುತ್ತವೆ ಅಂತ ತೋರಿಸುವ ವೈರಸ್‌ಟೋಟಲ್ ತಾಣದಲ್ಲಿ ಹಾಕಿ ಹುಡುಕಿದೆ. (ಸೆಟಪ್ ಕಡತಗಳಿಗೆ ಮಾತ್ರ ಈ ತಾಣ. ಅಲ್ಲಿಗೆ ಏರಿಸಿದ್ದು ಬೇರೆಯವರ ಕೈಗೂ ಸಿಗುತ್ತದೆ, ಪ್ಯಾನ್ ಕಾರ್ಡಿನ ಪಿಡಿಎಫ್ ಹಾಕಿಬಿಟ್ಟೀರಿ.)

ತಂತ್ರಾಂಶ ಮಾಡಿದವರು ಇವರೇ ಅಂತ ತೋರಿಸುವ ಡಿಜಿಟಲ್ ಸಹಿ ಇದ್ದರೆ ಚಿಂತೆಯಿಲ್ಲ ಅಂತ ಮೊದಲು ನಂಬಿದ್ದೆ. ಆದರೆ 2017ರಲ್ಲಿ ಕಂಪ್ಯೂಟರಿನ ಕಸ ಗುಡಿಸುವ ಹೆಸರಾಂತ ತಂತ್ರಾಂಶ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ಕಳ್ಳ ಕೋಡ್ ಸೇರಿಕೊಂಡು ಸುಮಾರು 22.7 ಲಕ್ಷ ಜನರ ಕಂಪ್ಯೂಟರಿಗೆ ಹೋಯಿತು. ಅದರ ಮೇಲೆ ಕಂಪನಿಯದ್ದೇ ಅಸಲಿ ಸಹಿಯಿತ್ತು.

ಆದ್ದರಿಂದ ಕೊನೆಗೊಂದು ಬೀಗ. ಟೈಪ್ ಮಾಡಲು ಇಂಟರ್ನೆಟ್ ಯಾಕೆ? ವಿಂಡೋಸ್ ಫೈರ್‌ವಾಲ್‌ನ ಔಟ್‌ಬೌಂಡ್ ರೂಲ್ಸ್‌ನಲ್ಲಿ ನುಡಿಗೆ ಹೊರದಾರಿ ಮುಚ್ಚಿದೆ. ಪಕ್ಕಾ ಕಳ್ಳನಾದರೆ ಬೇರೆ ದಾರಿ ಹುಡುಕಿಯಾನು, ಸುಮ್ನೆ ಬಿಡುವುದಕ್ಕಿಂತ ವಾಸಿ. ಬ್ಯಾಂಕಿನ ಪುಟ ತೆರೆಯುವ ಮುಂಚೆ ನುಡಿಯನ್ನೇ ಮುಚ್ಚುತ್ತೇನೆ.

ಮೊನ್ನೆ ಪಕ್ಕದ ಡಿಟಿಪಿ ಅಂಗಡಿಯ ಹುಡುಗ ಪೆನ್‌ಡ್ರೈವ್ ಹಿಡಿದು ಬಂದ. “ನುಡಿ ಸೆಟಪ್ ಕೊಡಿ ಸಾರ್.” ಉಳಿದಿದ್ದ ಕರೆಯೋಲೆಯ ಬೆನ್ನ ಮೇಲೆ ಪರಿಷತ್ತಿನ ವಿಳಾಸ ಬರೆದು ಕೊಟ್ಟೆ.